ಬಿದ್ದ ಹಿರಿಯರು ನುಂಗಲಾಗುತ್ತಿಲ್ಲ ಎಂದರೆ ಎಕ್ಸ್‌ರೇ ಒಂದನ್ನೇ ನಂಬಬೇಡಿ

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಸಮೀಪದ ನಮ್ಮೂರಿನಲ್ಲಿ ದೊಡ್ಡಮ್ಮ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಮುಖ ಅಡಿಯಾಗಿ ಬಿದ್ದರು. ಹತ್ತಿರದ ಖಾಸಗಿ ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದು, ಪಕ್ಕೆಲುಬು ಮುರಿದಿಲ್ಲವೆಂದು ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. ಗಂಟಲಿನ ಕೆಳಗೆ ಏನೋ ಸಿಕ್ಕಿಕೊಂಡಿದೆ, ಉಗುಳು ನುಂಗಿದರೂ ಚುಚ್ಚುತ್ತದೆ ಎಂದು ದೊಡ್ಡಮ್ಮ ಅಲ್ಲಿಯೇ ಮತ್ತೆ ಮತ್ತೆ ಹೇಳಿದ್ದರು. ಕಟ್ಟಿಸಿದ ಮುಂದಿನ ಹಲ್ಲಿನ ಪ್ಲೇಟು ಬಾಯಲ್ಲಿಲ್ಲ ಎಂದು ಅಣ್ಣ ತಿಳಿಸಿದಾಗ, ನುಂಗಿದ್ದರೆ ಎಕ್ಸ್‌ರೇಯಲ್ಲಿ ಕಾಣುತ್ತಿತ್ತು, ಮನೆಯಲ್ಲೇ ಹುಡುಕಿ ಎಂಬ ಉತ್ತರ ಬಂತು.

ಆ ಉತ್ತರ ತಪ್ಪು. ಇಂತಹ ಪ್ಲೇಟುಗಳನ್ನು ಹೆಚ್ಚಾಗಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ಲೋಹದ ಕೊಕ್ಕೆ ಇಲ್ಲದಿದ್ದರೆ ಅದು ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಅದು ಚುಚ್ಚಿ ಅನ್ನನಾಳ ತೂತಾಗಿದ್ದರೂ ಮೊದಲ ಕೆಲವು ಗಂಟೆಗಳಲ್ಲಿ ಎದೆಯ ಎಕ್ಸ್‌ರೇ ಸರಿಯಾಗಿಯೇ ಇರಬಹುದು.

ಮರುದಿನ ದೊಡ್ಡಮ್ಮನಿಗೆ ಜ್ವರ, ಏದುಸಿರು. ಕತ್ತು ಊದಿಕೊಂಡು, ಬೆರಳಿನಿಂದ ಒತ್ತಿದರೆ ಚರ್ಮದಡಿ ಮಂಡಕ್ಕಿ ಒತ್ತಿದಂತೆ ಚರಚರ ಎನ್ನುತ್ತಿತ್ತು. ಅನ್ನನಾಳದಿಂದ ಸೋರಿದ ಗಾಳಿ ಅಲ್ಲಿ ಸೇರಿತ್ತು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಕರೆದೊಯ್ದೆವು. ಸಿಟಿ ಸ್ಕ್ಯಾನ್‌ನಲ್ಲಿ ತೂತು ಖಚಿತವಾದ ಮೇಲೆ ಪ್ಲೇಟನ್ನು ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ, ತೆಗೆದರು. ಆದರೆ ಅಷ್ಟರಲ್ಲಿ ಎದೆಯೊಳಗೆ ಸೋಂಕು ಹರಡಿತ್ತು. ಕೀವು ಹೊರತೆಗೆಯಲು ನಳಿಕೆ, ರಕ್ತನಾಳಕ್ಕೆ ಆಂಟಿಬಯಾಟಿಕ್, ಬಾಯಿಗೆ ಹನಿ ನೀರೂ ಇಲ್ಲದೆ ಕರುಳಿಗೆ ನೇರವಾಗಿ ಆಹಾರ. ಜೀವ ಉಳಿಯಿತು, ಆದರೆ ಬಹಳ ನರಳಿದರು. ಈ ಗಾಯವನ್ನು 24 ಗಂಟೆಯೊಳಗೆ ಗುರುತಿಸಿದರೆ ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚು ಎಂಬುದನ್ನು ಮೊದಲ ಆಸ್ಪತ್ರೆಯವರು ತಿಳಿದಿರಬೇಕಿತ್ತು.

ಹಲ್ಲು ನುಂಗದೆಯೂ ಹೀಗಾಗಬಹುದು. ವಯಸ್ಸಾದವರ ಕತ್ತಿನ ಮೂಳೆಯಲ್ಲಿ ಮುಂದಕ್ಕೆ ಬೆಳೆದ ಮೊನೆಗಳಿದ್ದರೆ, ಬೀಳುವಾಗ ತಲೆ ಹಿಂದಕ್ಕೆ ಬಾಗಿ ಅನ್ನನಾಳ ಹರಿಯುವುದುಂಟು. ಇದು ಅಪರೂಪ, ಆದ್ದರಿಂದಲೇ ವೈದ್ಯರಿಗೂ ತಟ್ಟನೆ ಹೊಳೆಯುವುದಿಲ್ಲ. ಹಿರಿಯರಲ್ಲಿ ಸೋಂಕಿದ್ದರೂ ಕೆಲವೊಮ್ಮೆ ಜ್ವರ ಬರುವುದಿಲ್ಲವಾದ್ದರಿಂದ, ಜ್ವರವಿಲ್ಲ ಎಂದು ಕಾಯಲೂಬಾರದು.

ಮೀನಿನ ಮುಳ್ಳು ಸಿಕ್ಕಾಗ ಮಾಡುವಂತೆ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ನುಂಗಿಸಬೇಡಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ನೀರನ್ನೂ ಕೊಡದೆ ಕರೆದೊಯ್ಯಿರಿ. ಹಲ್ಲಿನ ಸೆಟ್ಟು ಕಾಣೆಯಾಗಿದ್ದರೆ ಅದನ್ನು ಮೊದಲ ಮಾತಾಗಿಯೇ ಹೇಳಿ, ಮುರಿದ ಚೂರು ಸಿಕ್ಕಿದರೆ ಜೊತೆಗೆ ಒಯ್ಯಿರಿ, ಸಿಟಿ ಸ್ಕ್ಯಾನ್ ಬೇಕೇ ಎಂದು ನೇರವಾಗಿ ಕೇಳಿ. ಮಲೆನಾಡಿನ ರಸ್ತೆಗಳಲ್ಲಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವಷ್ಟು ಸಮಯ ಈ ಗಾಯ ಕೊಡುವುದಿಲ್ಲ. ತುರ್ತು ಎಂಡೋಸ್ಕೋಪಿ ಮತ್ತು ಎದೆಯ ಶಸ್ತ್ರಚಿಕಿತ್ಸೆ ಎರಡೂ ಎಲ್ಲಿವೆ ಎಂದು ಹೊರಡುವ ಮುನ್ನವೇ ಫೋನ್ ಮಾಡಿ ವಿಚಾರಿಸಿಕೊಳ್ಳಿ.