ಸ್ಟ್ರೋಕ್ ಆದಮೇಲೆ ಸೂಜಿಯೋ, ವ್ಯಾಯಾಮವೋ?

ಅಪ್ಪನ ಬಲಗೈ ಸ್ವಾಧೀನ ತಪ್ಪಿದೆ, ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಮಾಡಿಸಲೋ, ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಗೆ ಹೋಗಲೋ ಅಂತ ಕೇಳಿದ್ದೀರಿ.

ಮೊದಲು ಫಲದ ಮಾತು. ಸ್ಟ್ರೋಕ್‌ನಲ್ಲಿ ಸತ್ತ ಮಿದುಳಿನ ಭಾಗ ಮತ್ತೆ ಹುಟ್ಟುವುದಿಲ್ಲ. ಉಳಿದ ಭಾಗಗಳು ಅದರ ಕೆಲಸ ಕಲಿಯಬೇಕು. ಆ ಕಲಿಕೆ ಮಾಡಿ ಮಾಡಿಯೇ ಬರುವುದು. ಲೋಟ ಹಿಡಿಯುವುದು, ಎತ್ತುವುದು, ಇಳಿಸುವುದು, ಮತ್ತೆ ಹಿಡಿಯುವುದು. ಸರಿಯಿರುವ ಕೈಗೆ ದಪ್ಪ ಗವಸು ಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ಪದ್ಧತಿಯೂ ಇದೆ. ಬೆರಳು, ಮಣಿಕಟ್ಟು ಸ್ವಲ್ಪ ಆಡುತ್ತಿದ್ದವರಿಗೆ 2006ರ ಎಕ್ಸೈಟ್ ಎಂಬ ಅಧ್ಯಯನದಲ್ಲಿ ಅದು ಒಳ್ಳೆ ಫಲ ಕೊಟ್ಟಿತು. ಅಕ್ಯುಪಂಕ್ಚರ್‌ಗೆ ಇಷ್ಟು ಗಟ್ಟಿ ಆಧಾರ ಇಲ್ಲ. ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆ 31 ಪ್ರಯೋಗಗಳನ್ನು ನೋಡಿತು. ಲಾಭ ಇರಬಹುದು, ಆದರೆ ಪ್ರಯೋಗಗಳ ಗುಣಮಟ್ಟ ಸಾಲದು ಎಂದಿತು.

ಸೂಜಿಗೆ ಸುಮ್ನೆ ಮಲಗಿದ್ದರೆ ಸಾಕು. ವ್ಯಾಯಾಮ ಸುಸ್ತು, ಬೇಸರ. ಅಪ್ಪ ಸಿಟ್ಟಾಗುವ ದಿನವೂ ಬರುತ್ತದೆ. ಆದರೆ ಅದನ್ನು ಕಲಿತುಕೊಂಡರೆ ಮನೆಯಲ್ಲೇ ಮಾಡಿಸಬಹುದು. ಸೂಜಿಗೆ ಪ್ರತಿ ಸಲವೂ ಫೀಸು.

ಅಪಾಯ ಎರಡರಲ್ಲೂ ಉಂಟು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಸೂಜಿ ಚುಚ್ಚುವವರಿಗೆ ಮೊದಲೇ ಹೇಳಿ. ವ್ಯಾಯಾಮದಲ್ಲಿ ಸೋತ ತೋಳನ್ನು ಹಿಡಿದು ಎಳೆಯಲೇಬೇಡಿ, ಭುಜದ ಕೀಲು ಜಾರಬಹುದು.

ಸ್ಟ್ರೋಕ್ ಆಗಿ ಮೂರು ತಿಂಗಳೊಳಗಿದ್ದರೆ ಹಣ, ಸಮಯ ಎರಡನ್ನೂ ವ್ಯಾಯಾಮಕ್ಕೇ ಇಡಿ. ಚೇತರಿಕೆ ಜಾಸ್ತಿ ಆಗುವುದು ಆಗಲೇ ಅಲ್ವಾ? ಭುಜದ ನೋವಿಂದ ಅಪ್ಪ ಕೈ ಮುಟ್ಟಲೂ ಬಿಡದಿದ್ದರೆ, ನರರೋಗ ವೈದ್ಯರನ್ನು ಕೇಳಿ ಜೊತೆಗೆ ಸೂಜಿಯನ್ನೂ ಕೆಲವು ಸಲ ನೋಡಬಹುದು. ನೋವು ಇಳಿದ ದಿನ ಮತ್ತೆ ಲೋಟ ಹಿಡಿಸಿ.