ಅಪ್ಪನ ರೈಫಲ್ ಮಾರಿದ್ದು: ಬಳ್ಳಾರಿಯ ಡೀಲರ್ ಅಂಗಡಿಗೆ ನನ್ನ ನಾಲ್ಕು ಸ್ಟಾರ್

ಅಂಗಡಿಯ ಹೆಸರು ಬರೆಯುವುದಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ, ಸುಮ್ನೆ ಜಗಳ ಯಾಕೆ.

ನಮ್ಮದು ಗಂಗಾವತಿ ಹತ್ತಿರದ ಊರು. ಅಪ್ಪನ ಹತ್ತಿರ ಒಂದು .315 ಬೋರಿನ ರೈಫಲ್ ಇತ್ತು, ಸರ್ಕಾರಿ ಆರ್ಡ್‌ನನ್ಸ್ ಫ್ಯಾಕ್ಟರಿಯದು, ಬೋಲ್ಟ್ ಎಳೆದು ಹೊಡೆಯುವಂಥದ್ದು. ಅದನ್ನು ಕೊಂಡಾಗ ನಾವಿನ್ನೂ ರಾಯಚೂರು ಜಿಲ್ಲೆಯವರು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾದ ಮೇಲೆ ಲೈಸೆನ್ಸ್ ಕಡತವೂ ಅಲ್ಲಿಂದ ಇಲ್ಲಿಗೆ ಬಂತು. ಮುಂದೆ ನಮಗೆ ಕಾಟ ಕೊಟ್ಟದ್ದು ಈ ಕಡತವೇ.

2024ರ ಲೋಕಸಭೆ ಚುನಾವಣೆಗೆ ಎಲ್ಲರಂತೆ ಅಪ್ಪನೂ ರೈಫಲನ್ನು ಠಾಣೆಯಲ್ಲಿ ಇಟ್ಟು ಬಂದರು. ಜೂನ್‌ನಲ್ಲಿ ವಾಪಸ್ ತಂದ ದಿನವೇ "ಇನ್ನು ಇದು ಬೇಡ, ಎಪ್ಪತ್ತಾರು ವರ್ಷ ಆಯ್ತು, ಎಷ್ಟು ಸಲ ಹೊತ್ತು ತಿರುಗಲಿ" ಅಂದರು. ಎಪ್ಪತ್ತು ದಾಟಿದವರು ಬಂದೂಕನ್ನು ವಾರಸುದಾರರ ಲೈಸೆನ್ಸ್‌ಗೆ ವರ್ಗ ಮಾಡಲು ಅರ್ಜಿ ಹಾಕಬಹುದು, 2016ರ ನಿಯಮದಲ್ಲೇ ಇದೆ. ಆದರೆ ನನಗೆ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಸಂಡೂರು ಕಡೆಯ ಪರಿಚಯದವರೊಬ್ಬರು ಕೊಳ್ಳುತ್ತೇನೆ ಅಂದರು, ಅವರಿಗೆ ಬಳ್ಳಾರಿ ಡಿಸಿ ಕಚೇರಿಯ ಲೈಸೆನ್ಸ್ ಇತ್ತು. ರೇಟು ಹತ್ತು ನಿಮಿಷದಲ್ಲಿ ಕುದುರಿತು.

ನನ್ನ ದಡ್ಡತನ ಶುರುವಾದದ್ದು ಆಮೇಲೆ. ಚೆನ್ನಾಗಿ ಪ್ಯಾಕ್ ಮಾಡಿ ಕೊರಿಯರ್‌ನಲ್ಲಿ ಕಳಿಸಿದರಾಯಿತು ಅಂದುಕೊಂಡು ಕೌಂಟರ್‌ನಲ್ಲಿ ಕೇಳಿದೆ. ಆ ಹುಡುಗ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಈ ಐಡಿಯಾ ಕೊಟ್ಟದ್ದು ಅಮೆರಿಕದಲ್ಲಿರುವ ಅಕ್ಕನ ಮಗ. ಅಲ್ಲಿ ಸಾಮಾನ್ಯ ಮನುಷ್ಯನೂ ರೈಫಲನ್ನು ಅಂಚೆಯಲ್ಲೇ ಲೈಸೆನ್ಸ್ ಇರುವ ಡೀಲರ್‌ಗೆ ಕಳಿಸಬಹುದಂತೆ, ಕೊಳ್ಳುವವನು ಆ ಡೀಲರ್ ಹತ್ತಿರ ಫಾರಂ ತುಂಬಿ, ಪರಿಶೀಲನೆ ಮುಗಿಸಿ ಒಯ್ಯುತ್ತಾನಂತೆ. ಅದು ಅವರ ಊರಿನ ಕಾನೂನು. ನಮ್ಮಲ್ಲಿ ಬಂದೂಕು ಹೋಗಬೇಕಾದರೆ ಲೈಸೆನ್ಸ್‌ದಾರನೂ ಜೊತೆಗೆ ಹೋಗುವುದೇ ಸರಿಯಾದ ದಾರಿ.

ಆಗ ಫೋನ್ ಮಾಡಿದ್ದು ಈ ಬಳ್ಳಾರಿ ಡೀಲರ್‌ಗೆ. ಆರು ಸಲ ಮಾಡಿದ ಮೇಲೆ ಎತ್ತಿದರು. ಎತ್ತಿದ ಮೇಲೆ ಮಾತ್ರ ಇಪ್ಪತ್ತು ನಿಮಿಷ ಕೂತು ಬಿಡಿಸಿ ಹೇಳಿದರು, ಒಂದು ಪೈಸೆ ಸಿಗುವ ಮೊದಲೇ. ಮೊದಲು ಡಿಸಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಬೇಕು, ಯಾರಿಗೆ ಮಾರುತ್ತೀರಿ ಅಂತ ಹೆಸರು, ವಿಳಾಸ ಸಮೇತ. ತಿಳಿಸಿ 45 ದಿನ ಕಳೆಯುವ ತನಕ ಬಂದೂಕು ಕೈ ಬದಲಾಗುವಂತಿಲ್ಲ. ಇದು ಆರ್ಮ್ಸ್ ಆಕ್ಟಿನ 5ನೇ ಸೆಕ್ಷನ್. ಸ್ವೀಕೃತಿ ಮೊಹರು ಹಾಕಿದ ಪ್ರತಿ ಇಲ್ಲದೆ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ ಅಂತಲೂ ಅಂದರು. ಒರಟು ಮಾತು, ಆದರೆ ಉಪಯೋಗದ ಮಾತು.

ಇನ್ನೊಂದು ವಿಷಯ ಅವರು ಹೇಳದಿದ್ದರೆ ನಾನು ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಅಪ್ಪ ಒಂದು ಪತ್ರ ಬರೆದುಕೊಟ್ಟರೆ ನಾನೇ ಒಯ್ಯಬಹುದು ಅಂತ ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಪತ್ರದ ಮೇಲೆ ಬೇರೆಯವರು ಒಯ್ಯಬಹುದು ನಿಜ, ಆದರೆ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಇಲ್ಲವೇ ಲೈಸೆನ್ಸ್‌ದಾರನ ಬಳಕೆಗೆ ಮಾತ್ರ. ಮಾರಾಟದ ಮಾತು ಅದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ಅಪ್ಪನೇ ಬರಬೇಕು, ನಾನು ಡ್ರೈವರ್ ಅಷ್ಟೇ.

ಜೂನ್ ಕೊನೆಗೆ ಅರ್ಜಿ ಕೊಟ್ಟೆವು. 45 ದಿನ ಮುಗಿಯಿತು ಅನ್ನುವಷ್ಟರಲ್ಲಿ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತು. ನಮ್ಮ ಭಾಗದಲ್ಲಿ ಆಗ ಬೇರೆ ಮಾತೇ ಇಲ್ಲ, ಎರಡನೇ ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ ಅನ್ನುವುದೊಂದೇ ಚಿಂತೆ. ರೈಫಲ್ ಬೀರುವಿನಲ್ಲೇ ಉಳಿಯಿತು. ತಾತ್ಕಾಲಿಕ ಗೇಟ್ ಕೂರಿಸಿ ನೀರು ನಿಂತ ಮೇಲೆ, ತಿಂಗಳ ಕೊನೆಗೆ ಹೊರಟೆವು. ಕಂಪ್ಲಿ ಸೇತುವೆ ಕಡೆ ಹೋಗಲು ಅಪ್ಪ ಒಪ್ಪಲಿಲ್ಲ, ಹೊಸಪೇಟೆ ಸುತ್ತಿಕೊಂಡು ಹೋದೆವು. ಬೋಲ್ಟ್ ಬಿಚ್ಚಿ ಬೇರೆ ಇಟ್ಟು, ರೈಫಲ್ ಪೂರ್ತಿ ಕವರಿನೊಳಗೆ, ಕಾಡತೂಸು ಬೇರೆ ಡಬ್ಬಿಯಲ್ಲಿ, ಕಾಗದದ ಫೈಲ್ ಅಪ್ಪನ ತೊಡೆಯ ಮೇಲೆ.

ಅಂಗಡಿ ಚಿಕ್ಕದು. ಕೂರಲು ಒಂದೇ ಕುರ್ಚಿ, ಅದನ್ನು ಅಪ್ಪನಿಗೆ ಬಿಟ್ಟುಕೊಟ್ಟರು. ಗೋಡೆ ತುಂಬ ಹಳೆ ಬಂದೂಕು. 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರರ ಬದಲು ಎರಡೇ ಅಂತ ಆದಾಗ ಮೂರನೆಯದನ್ನು ಬಿಟ್ಟುಹೋದವರದ್ದೂ ಇದರಲ್ಲಿವೆ ಅಂದರು. ಆಮೇಲೆ ಭೂತಗನ್ನಡಿ ಹಿಡಿದು ನಮ್ಮ ರೈಫಲ್ ಮೇಲಿನ ನಂಬರ್ ಓದಿದರು. ಮತ್ತೆ ಓದಿದರು. ಲೈಸೆನ್ಸ್‌ನಲ್ಲಿ ಒಂದು ಕಡೆ 8 ಇತ್ತು, ರೈಫಲ್ ಮೇಲೆ ಅದೇ ಜಾಗದಲ್ಲಿ 3. ರಾಯಚೂರಿನ ಹಳೆ ಪುಸ್ತಕದಿಂದ ಕೊಪ್ಪಳದ್ದಕ್ಕೆ ಇಳಿಸುವಾಗ ಯಾರದೋ ಕೈ ತಪ್ಪಿದೆ, ಆ ತಪ್ಪೇ ಕಂಪ್ಯೂಟರಿಗೂ ಹತ್ತಿದೆ. ಅಷ್ಟು ವರ್ಷ, ಅಷ್ಟು ನವೀಕರಣ, ಅಷ್ಟು ಸಲ ಠಾಣೆಯಲ್ಲಿ ಇಟ್ಟು ತಂದದ್ದು, ಒಬ್ಬರಾದರೂ ನೋಡಬಾರದಾ?

"ನಂಬರ್ ಕೂಡದ ಬಂದೂಕು ನನ್ನ ರಿಜಿಸ್ಟರ್‌ಗೆ ಹತ್ತಲ್ಲ ಯಜಮಾನ್ರೇ" ಅಂದರು. ಒಂದು ರಾತ್ರಿ ಇಟ್ಟುಕೊಳ್ಳಲೂ ಒಪ್ಪಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ಮುದುಕರನ್ನು ಇಷ್ಟು ದೂರ ಕರೆತಂದಿದ್ದೇನೆ ಅಂತ ಜೋರು ಮಾಡಿದೆ. ಅವರು ಉತ್ತರ ಕೊಡಲಿಲ್ಲ, ಒಂದು ಹಾಳೆ ತೆಗೆದುಕೊಂಡು ತಿದ್ದುಪಡಿ ಅರ್ಜಿಯಲ್ಲಿ ಏನು ಬರೆಯಬೇಕು ಅಂತ ತಾವೇ ಬರೆದುಕೊಟ್ಟರು. ದುಡ್ಡು ಕೇಳಲಿಲ್ಲ. ನಾಲ್ಕು ಸ್ಟಾರ್‌ನಲ್ಲಿ ಮೂರು ಇದಕ್ಕೇ.

ಕೊಪ್ಪಳದಲ್ಲಿ ಆ ಒಂದು ಅಂಕಿ ತಿದ್ದಿಸಲು ದಸರಾ ದಾಟಿತು. ಅದನ್ನು ಬರೆಯಲು ಕೂತರೆ ಬೇರೆಯೇ ಕಥೆ.

ಎರಡನೇ ಸಲ ಹೋದಾಗ ಎಲ್ಲ ಕೂಡಿತು, ಆದರೆ ಕೊಳ್ಳುವವರ ಲೈಸೆನ್ಸ್‌ನಲ್ಲಿ ಕೊಳ್ಳಲು ಕೊಟ್ಟಿದ್ದ ಅವಧಿ ಅಷ್ಟರಲ್ಲಿ ಮುಗಿದಿತ್ತು. ಅವರು ಬಳ್ಳಾರಿ ಡಿಸಿ ಕಚೇರಿಯಿಂದ ವಿಸ್ತರಣೆ ತರುವ ತನಕ ರೈಫಲ್ ಅಂಗಡಿಯಲ್ಲೇ ಇರಲಿ ಅಂತ ಆಯಿತು. ಒಂದು ಸ್ಟಾರ್ ಹೋದದ್ದು ಇಲ್ಲಿ. ಇಟ್ಟುಕೊಳ್ಳಲು ತಿಂಗಳಿಗೆ ಇಷ್ಟು ಅಂತ ಚಾರ್ಜ್ ಇದೆ ಅನ್ನುವುದನ್ನು ಬಿಲ್ ಕೊಡುವ ದಿನ ಹೇಳಿದರು. ದೊಡ್ಡ ಮೊತ್ತವೇನಲ್ಲ, ಆದರೆ ಮೊದಲೇ ಹೇಳಬೇಕಲ್ವಾ? ಇಟ್ಟುಕೊಂಡದ್ದಕ್ಕೆ ರಸೀದಿಯೂ ನಾನು ಕೇಳಿದ ಮೇಲೆಯೇ ಬಂತು. ನೀವು ಹೋದರೆ ರಸೀದಿ ಕೈಗೆ ಬರುವ ತನಕ ಕುರ್ಚಿ ಬಿಡಬೇಡಿ.

ಕಾಡತೂಸಿನ ವಿಷಯ ಮರೆಯುತ್ತಿದ್ದೆ. ಹನ್ನೊಂದು ಉಳಿದಿದ್ದವು. ರೈಫಲ್ ಹೋದರೆ ಸಾಕು, ಇವು ನೆನಪಿಗೆ ಮನೆಯಲ್ಲಿ ಇರಲಿ ಅಂತ ಅಪ್ಪನ ಲೆಕ್ಕ. ಲೈಸೆನ್ಸ್ ವಾಪಸ್ ಕೊಟ್ಟ ಮೇಲೆ ಮನೆಯಲ್ಲಿ ಒಂದು ಸಿಕ್ಕರೂ ಕೇಸ್ ಅಂತ ಅವರು ಹೇಳಿದ ಮೇಲೆಯೇ ಅಪ್ಪ ಡಬ್ಬಿ ಮುಂದಕ್ಕೆ ತಳ್ಳಿದ್ದು. ಒಂದೊಂದಾಗಿ ಎಣಿಸಿ ಬರೆದುಕೊಂಡರು.

ಕೊನೆಗೆ ಲೈಸೆನ್ಸ್ ಪುಸ್ತಕದಲ್ಲಿ ಮಾರಾಟದ ಷರಾ, ಸಹಿ, ಮೊಹರು. ಆ ಪುಸ್ತಕ ಕೊಪ್ಪಳಕ್ಕೆ ವಾಪಸ್ ಕೊಟ್ಟು ಬಂದೆವು. ಹೆಗಲಿಗೆ ಹಾಕುವ ಚರ್ಮದ ಪಟ್ಟಿಯನ್ನು ಮಾತ್ರ ಅಪ್ಪ ಕೇಳಿ ತೆಗೆದುಕೊಂಡರು, ಅದಕ್ಕೆ ಯಾವ ಕಾಗದವೂ ಬೇಡವಂತೆ. ಈಗ ಅದು ಟಾರ್ಚಿಗೆ ಕಟ್ಟಿಕೊಂಡು ರಾತ್ರಿ ಗದ್ದೆಗೆ ಹೋಗುತ್ತದೆ.

ಹೋಗುವವರಿಗೆ: ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತಾರೆ. ಕಾರು ನಿಲ್ಲಿಸಲು ಜಾಗ ಇಲ್ಲ. ಫೋನ್ ಮಾಡಿಯೇ ಹೋಗಿ, ಏಳನೇ ಸಲಕ್ಕೆ ಎತ್ತಬಹುದು.