ಚಿಕ್ಕಮಗಳೂರಿನಿಂದ ಹಾಸನಕ್ಕೆ ದಿನದ ಬ್ಯಾಕಪ್: ಆರ್‌ಸಿಂಕ್, ರೆಸ್ಟಿಕ್, ಸಿಂಕ್‌ಥಿಂಗ್

ಚಿಕ್ಕಮಗಳೂರಿನ ತೋಟದ ಆಫೀಸಿನಲ್ಲಿ ಒಂದು ಲಿನಕ್ಸ್ ಸರ್ವರ್, ಹಾಸನದಲ್ಲಿ ಇನ್ನೊಂದು. ನಡುವೆ ಬೇಲೂರು ದಾರಿಯಲ್ಲಿ ಅರವತ್ತು ಚಿಲ್ಲರೆ ಕಿಲೋಮೀಟರ್. ಮಳೆಗಾಲದಲ್ಲಿ ಕರೆಂಟೂ ಇಲ್ಲ, ಫೈಬರೂ ಇಲ್ಲ ಎನ್ನುವ ರಾತ್ರಿಗಳು ಮಾಮೂಲು. ಇಂಥ ಕಡೆ ವೇಗ ನೋಡಿ ಟೂಲ್ ಆರಿಸಿ ಪ್ರಯೋಜನವಿಲ್ಲ. ಲೈನ್ ಅರ್ಧದಲ್ಲಿ ಕಡಿದರೆ ಅದು ಏನು ಮಾಡುತ್ತದೆ ಎಂಬುದೇ ಮುಖ್ಯ. ಫೈಲ್ ಕಾಪಿ ಮಾಡುವ ಆರ್‌ಸಿಂಕ್, ಬ್ಯಾಕಪ್ ಇಡುವ ರೆಸ್ಟಿಕ್, ಎರಡು ಕಡೆಯ ಫೋಲ್ಡರನ್ನು ಒಂದೇ ಆಗಿಡುವ ಸಿಂಕ್‌ಥಿಂಗ್, ಈ ಮೂರನ್ನೂ ಇದೇ ಎರಡು ಸರ್ವರ್‌ಗಳ ಮೇಲೆ ಓಡಿಸಿದಾಗ ಕಂಡದ್ದು ಇಲ್ಲಿದೆ.

ಮೊದಲ ಕಾಪಿಯನ್ನು ಲೈನ್ ಮೇಲೆ ಕಳಿಸಬೇಡಿ. 20 ಎಂಬಿಪಿಎಸ್ ಅಪ್‌ಲೋಡ್ ಎಂದರೆ ಗಂಟೆಗೆ ಹೆಚ್ಚೆಂದರೆ 9 ಜಿಬಿ. ನಮ್ಮ 400 ಜಿಬಿಗೆ ಹತ್ತಿರ ಹತ್ತಿರ ಎರಡು ದಿನ. ಹಾರ್ಡ್‌ಡಿಸ್ಕ್‌ಗೆ ತುಂಬಿ ಬಸ್ಸಿನಲ್ಲಿ ತಂದುಬಿಡಿ. ಆದರೆ ಬರೀ ‘ಸಿಪಿ’ (ಲಿನಕ್ಸ್‌ನ ಮಾಮೂಲು ಕಾಪಿ ಕಮಾಂಡ್) ಹೊಡೆದರೆ ಫೈಲ್‌ಗಳ ಸಮಯ ಬದಲಾಗುತ್ತದೆ. ಆರ್‌ಸಿಂಕ್ ಮಾಮೂಲಾಗಿ ನೋಡುವುದು ಗಾತ್ರ ಮತ್ತು ಸಮಯ ಎರಡನ್ನೇ, ಹಾಗಾಗಿ ಎಲ್ಲವನ್ನೂ ಹೊಸದೆಂದೇ ಎಣಿಸುತ್ತದೆ. ಡಿಸ್ಕ್‌ಗೂ ಸಮಯವನ್ನು ಹಾಗೇ ಉಳಿಸುವ ‘ಆರ್‌ಸಿಂಕ್ -ಎ’ ಮೂಲಕವೇ ತುಂಬಿ.

ಆರ್‌ಸಿಂಕ್‌ನಲ್ಲಿ ದಿನಕ್ಕೊಂದು ಫೋಲ್ಡರ್ ಇಡುವುದು ‘ಲಿಂಕ್-ಡೆಸ್ಟ್’ ಆಯ್ಕೆಯಿಂದ. ಬದಲಾಗದ ಫೈಲ್ ನಿನ್ನೆಯ ಫೋಲ್ಡರಿಗೆ ಹಾರ್ಡ್‌ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಆಗುತ್ತದೆ, ಜಾಗ ತಿನ್ನುವುದಿಲ್ಲ. ದಿನವೂ ಪೂರ್ತಿ 400 ಜಿಬಿ ಜಾಗ ತಿನ್ನುತ್ತಿದೆ ಎಂದರೆ ಮೊದಲು ‘-ಐ’ ಹಾಕಿ ಓಡಿಸಿ. ಯಾವ ಫೈಲ್ ಯಾಕೆ ಹೋಯಿತೆಂದು ಸಾಲುಸಾಲಾಗಿ ಹೇಳುತ್ತದೆ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಲಿಂಕ್-ಡೆಸ್ಟ್‌ನ ದಾರಿ ತಪ್ಪಾಗಿರುತ್ತದೆ: ರಿಲೇಟಿವ್ ದಾರಿಯನ್ನು ಅದು ತಲುಪುವ ಫೋಲ್ಡರಿನಿಂದ ಲೆಕ್ಕ ಹಾಕುತ್ತದೆ, ಸಿಗದಿದ್ದರೆ ಒಂದು ಎಚ್ಚರಿಕೆ ಸಾಲು ಬರೆದು ಪೂರ್ತಿ ಕಾಪಿಗೆ ಇಳಿಯುತ್ತದೆ. ಅಥವಾ ಪರ್ಮಿಷನ್, ಮಾಲೀಕತ್ವ ಬದಲಾಗಿರುತ್ತದೆ. ಇವೂ ತಾಳೆಯಾಗದೆ ಲಿಂಕ್ ಆಗದು. ಇಲ್ಲವೇ ಹಾಸನದ ಡಿಸ್ಕ್ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ಇರುತ್ತದೆ, ಅದರಲ್ಲಿ ಹಾರ್ಡ್‌ಲಿಂಕ್ ಎಂಬುದೇ ಇಲ್ಲ.

ಲೈನ್ ಕಡಿದಾಗಿನ ಕಥೆ ಬೇರೆ. ಅರ್ಧ ತುಂಬಿದ ಫೋಲ್ಡರನ್ನೇ ಮರುದಿನ ಆಧಾರವಾಗಿ ಕೊಟ್ಟರೆ ಉಳಿದರ್ಧ ಮತ್ತೆ ಬರುತ್ತದೆ. ಅದಕ್ಕೇ ‘ನಡೆಯುತ್ತಿದೆ’ ಎಂಬಂಥ ಹೆಸರಿನ ಫೋಲ್ಡರಿಗೆ ಇಳಿಸಿ, ಕಮಾಂಡ್ ಮುಗಿದಾಗ ಕೊಡುವ ಎಕ್ಸಿಟ್ ಕೋಡ್ 0 ಅಥವಾ 24 ಬಂದರೆ ಮಾತ್ರ ತಾರೀಖಿನ ಹೆಸರಿಡಿ. 24 ಎಂದರೆ ನಡುವೆ ಯಾವುದೋ ಫೈಲ್ ಮಾಯವಾಗಿದೆ ಅಷ್ಟೆ, ಒಪ್ಪಬಹುದು. 23, 12, 30 ಬಂದರೆ ಲಾಗ್ ತೆಗೆದು ನೋಡಲೇಬೇಕು. ‘ಪಾರ್ಷಿಯಲ್-ಡಿರ್’ ಆಯ್ಕೆ ಇಲ್ಲದಿದ್ದರೆ ಅರ್ಧ ಬಂದ ದೊಡ್ಡ ಫೈಲ್ ಅಳಿಸಿಹೋಗುತ್ತದೆ. ‘ಟೈಮ್‌ಔಟ್’ 300 ಸೆಕೆಂಡ್ ಕೊಡಿ, ದಿನವೂ ತಾನಾಗಿ ಓಡಿಸುವ ಕ್ರಾನ್ ಸಾಲಿಗೆ, ಹಳೆಯದು ಮುಗಿಯದೆ ಹೊಸದನ್ನು ಬಿಡದ ‘ಎಫ್‌ಲಾಕ್ -ಎನ್’ ಸೇರಿಸಿ. ಇಲ್ಲದಿದ್ದರೆ ಸತ್ತ ಸೆಷನ್ ನೇತಾಡುತ್ತಿರುವಾಗಲೇ ಇನ್ನೊಂದು ಶುರುವಾಗುತ್ತದೆ.

ಲಿಂಕ್-ಡೆಸ್ಟ್‌ನ ನಿಜವಾದ ಮಿತಿ ದೊಡ್ಡ ಫೈಲ್. 20 ಜಿಬಿ ಡೇಟಾಬೇಸ್ ಡಂಪಿನಲ್ಲಿ (ಇಡೀ ಡೇಟಾಬೇಸನ್ನು ಬರೆದಿಟ್ಟ ಫೈಲ್) ನಾಲ್ಕು ಸಾಲು ಬದಲಾದರೆ ಲೈನಿನ ಮೇಲೆ ಹೋಗುವುದು ಸ್ವಲ್ಪವೇ, ಹಾಸನದ ಡಿಸ್ಕಿನಲ್ಲಿ ಮಾತ್ರ ಮತ್ತೆ ಪೂರ್ತಿ 20 ಜಿಬಿ. ಅದೂ ಡಂಪಿನ ಹೆಸರು ದಿನವೂ ಒಂದೇ ಆಗಿದ್ದು, ಜಿಜಿಪ್‌ನಿಂದ ಕುಗ್ಗಿಸದೆ ಇಟ್ಟಿದ್ದರೆ. ಹೆಸರಿಗೆ ತಾರೀಖು ಸೇರಿಸಿದರೆ ಹೋಲಿಸಲು ಹಳೆಯ ಫೈಲೇ ಸಿಗದು. ಜಿಜಿಪ್ ಬೇಕೇ ಬೇಕೆಂದರೆ ‘ಆರ್‌ಸಿಂಕೇಬಲ್’ ಆಯ್ಕೆ ಇರಲಿ.

ಡಂಪ್‌ಗಳಿಗೆ ರೆಸ್ಟಿಕ್ಕೇ ಸರಿ. ಅದು ಫೈಲನ್ನು ತುಂಡು ಮಾಡಿ ಹೊಸ ತುಂಡನ್ನಷ್ಟೇ ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ. ಲೈನ್ ಕಡಿದರೆ ಮತ್ತೆ ಅದೇ ಕಮಾಂಡ್. ಫೈಲ್‌ಗಳನ್ನು ಮತ್ತೆ ಓದಬಹುದು, ಆದರೆ ಹೋದ ತುಂಡುಗಳಲ್ಲಿ ಬಹುಪಾಲನ್ನು ಮತ್ತೆ ಕಳಿಸುವುದಿಲ್ಲ. ಇದರ ಕಾಟವೇ ಬೇರೆ ಬಗೆಯದು. ಕರೆಂಟ್ ಹೋಗಿ ನಿಂತ ಬ್ಯಾಕಪ್ಪಿನ ಲಾಕ್ (ಬಳಕೆಯಲ್ಲಿದೆ ಎಂಬ ಗುರುತು) ಉಳಿದುಕೊಳ್ಳುತ್ತದೆ. ಮರುದಿನದ ಬ್ಯಾಕಪ್ ನಡೆಯುತ್ತದೆ, ಬೇಡವಾದ ತುಂಡುಗಳನ್ನು ತೆಗೆಯುವ ‘ಪ್ರೂನ್’ ಮಾತ್ರ ನಡೆಯುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದದ್ದು ಪೂರ್ತಿ ಲಾಕ್. ಯಾರೂ ಗಮನಿಸದೆ ಡಿಸ್ಕ್ ತುಂಬುತ್ತದೆ. ಬೇರೆ ಬ್ಯಾಕಪ್ ನಡೆಯುತ್ತಿಲ್ಲವೆಂದು ನೋಡಿಕೊಂಡು ‘ರೆಸ್ಟಿಕ್ ಅನ್‌ಲಾಕ್’ ಹೊಡೆಯಿರಿ. ಪಾಸ್‌ವರ್ಡ್ ಎರಡೂ ಊರಲ್ಲಿ ಕಾಗದದ ಮೇಲಿರಲಿ. ಅದು ಹೋದರೆ ಬ್ಯಾಕಪ್ಪೂ ಹೋದಂತೆ. ಸ್ಕ್ಯಾನ್ ಮಾಡಿದ ಪಹಣಿ, ಬಿಲ್ಲು, ಫೋಟೋಗಳನ್ನು ಆರ್‌ಸಿಂಕ್‌ನಲ್ಲೇ ಬಿಡಿ. ಆಫೀಸಿನವರು ಫೋಲ್ಡರ್ ತೆರೆದು ತಾವೇ ಹುಡುಕಿಕೊಳ್ಳುತ್ತಾರೆ.

ಸಿಂಕ್‌ಥಿಂಗ್‌ಗೆ ಸ್ಥಿರ ಐಪಿ ಬೇಡ, ರಿಲೇ (ನಡುವಿನ ಸರ್ವರ್) ಮೂಲಕವಾದರೂ ದಾರಿ ಮಾಡಿಕೊಳ್ಳುತ್ತದೆ. ಹೊಂದಿಸಲು ಇದರಷ್ಟು ಸುಲಭದ್ದು ಇಲ್ಲ. ಆದರೆ ಚಿಕ್ಕಮಗಳೂರಿನಲ್ಲಿ ಅಳಿಸಿದರೆ ಹಾಸನದಲ್ಲೂ ಅಳಿಯುತ್ತದೆ, ಅಲ್ಲಿ ರಾನ್ಸಮ್‌ವೇರ್ ಬಡಿದರೆ ಹಾಳಾದ ಫೈಲ್ ಹಾಸನಕ್ಕೂ ಬರುತ್ತದೆ. ಬಳಸಲೇಬೇಕಾದರೆ ಹಾಸನದ ಫೋಲ್ಡರ್ ‘ರಿಸೀವ್ ಓನ್ಲಿ’ ಮಾಡಿ, ಹಳೆಯ ಪ್ರತಿಗಳನ್ನು ಉಳಿಸುವ ‘ಸ್ಟ್ಯಾಗರ್ಡ್’ ವರ್ಷನಿಂಗ್ ಹಾಕಿ, ಆ ಫೋಲ್ಡರಿನ ಮೇಲೆ ದಿನವೂ ರೆಸ್ಟಿಕ್ ಓಡಿಸಿ.